ಹೂರಣದ ಗುಟ್ಟು ಬಿಟ್ಟುಕೊಟ್ಟ ಅಧ್ಯಕ್ಷ

ನಮ್ಮೂರಿನ ಕ್ಷೌರಿಕ ಒಲಿಂತೋ ಮಲಗೋಲಿ ನ್ಯಾಯ ಹೇಳುವುದಕ್ಕೆಂದೇ ಹುಟ್ಟಿದವನು. ಕೈಗೆ ಕತ್ತರಿ ಬಂದದ್ದು ಏನೋ ಆಕಸ್ಮಿಕ. ಊರಾಚೆ ರೇಸು ಕಾರು ತಯಾರಿಸುವ ಕಾರ್ಖಾನೆ ಇದೆ. ಊರಿನ ಅರ್ಧ ಜನ ಅಲ್ಲಿ ದುಡಿಯುತ್ತಾರೆ, ಇನ್ನರ್ಧ ಜನ ಅಲ್ಲಿ ದುಡಿಯುವವರಿಗೆ ಬುದ್ಧಿ ಹೇಳುತ್ತಾರೆ. ಒಲಿಂತೋ ಎರಡನೆಯ ಪಂಗಡದ ಮುಖಂಡ. ಇವೊನ್ನೆಯ ಬಾರಿನ ಹಿಂದಿನ ಕೋಣೆಯಲ್ಲಿ ಸೇರುವ, ಆ ಕಾರ್ಖಾನೆಯ ರೇಸು ತಂಡದ ಅಭಿಮಾನಿಗಳ ನಮ್ಮ ಸಂಘಕ್ಕೆ ಅವನೇ ಅಧ್ಯಕ್ಷ. ಎಂಜಿನ್ ಬಗ್ಗೆ ಅವನು ಮಾತಾಡುವಾಗ ಕಾರ್ಖಾನೆಯ ಎಂಜಿನಿಯರುಗಳೂ ತೆಪ್ಪಗೆ ಕೇಳುತ್ತಿದ್ದರು. ಬೇರೆ ದಾರಿಯಿರಲಿಲ್ಲ, ಅವರ ಕತ್ತಿನ ಮೇಲೆ ಅವನ ಕ್ಷೌರದ ಕತ್ತಿ ಇರುತ್ತಿತ್ತು.

ಆ ಬೇಸಿಗೆಯಲ್ಲಿ ನಮ್ಮ ಕಾರಿನ ನಕ್ಷೆಗಳು ಇಂಗ್ಲೆಂಡಿನ ಎದುರಾಳಿ ತಂಡದವನೊಬ್ಬನ ಮನೆಯಲ್ಲಿ ಸಿಕ್ಕಿದವು. ಯಾರೋ ಕದ್ದು ಕೊಟ್ಟಿದ್ದರು. ರೇಸುಗಳ ಕಾನೂನು ನೋಡಿಕೊಳ್ಳುವ ಪ್ಯಾರಿಸ್ಸಿನ ದೊಡ್ಡವರು ವಿಚಾರಣೆಗೆ ದಿನ ಗೊತ್ತು ಮಾಡುವಷ್ಟರಲ್ಲಿ ಇವೊನ್ನೆಯ ಬಾರಿನಲ್ಲಿ ತೀರ್ಪೇ ಆಗಿಹೋಗಿತ್ತು. ಶಿಕ್ಷೆಯ ಪ್ರಮಾಣವೊಂದೇ ಬಾಕಿ.

"ಹತ್ತು ವರ್ಷ ರೇಸಿಂದ ಹೊರಗೆ ಹಾಕ್ಬೇಕು," ಎಂದ ಎರ್ಮೆಸ್. ಇವನು ನಿವೃತ್ತ ಸಂಚಾರಿ ಪೊಲೀಸ್. ಸ್ವಂತ ತಮ್ಮನ ಮದುವೆ ಕಾರಿಗೇ ದಂಡ ಹಾಕಿದ ಪುಣ್ಯಾತ್ಮ.

"ಹತ್ತೇ ವರ್ಷಾನಾ? ಅವ್ರೇನು ನಿನ್ನ ಬೀಗರೇನೋ?" ಒಲಿಂತೋ ಮೇಜು ಗುದ್ದಿದ. "ಜೀವಮಾನ ಪೂರ್ತಿ! ಕಾರೆಲ್ಲ ಗುಜರಿಗೆ, ಬಾಗಿಲಿಗೆ ಬೀಗ. ಗೇಟು ಕಾಯೋನಿಂದ ಹಿಡಿದು ಅಡುಗೆಯವಳವರೆಗೆ ಒಬ್ಬರನ್ನೂ ಬಿಡಬಾರ್ದು!"

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಪಕ್ಕದ ಮೊದೆನಾ ಪಟ್ಟಣದ ಪತ್ರಿಕೆಯವನೊಬ್ಬ ಕಾಫಿ ಕುಡಿಯಲು ಬಂದಿದ್ದ. ಅಧ್ಯಕ್ಷರ ಮಾತು ಮರುದಿನ ಭಾವಚಿತ್ರದ ಸಮೇತ ಅಚ್ಚಾಯಿತು. ಒಲಿಂತೋ ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದ, ಗಿರಾಕಿಗಳು ಓದದೆ ಎದ್ದು ಹೋಗುವಂತಿರಲಿಲ್ಲ.

ಆ ವಾರವೇ ಅವನ ಮಗಳು ಮಿಲೇನಾಳ ಫೋನು ಬಂತು. ನಾನು ಮುಖಕ್ಕೆಲ್ಲ ನೊರೆ ಬಳಿಸಿಕೊಂಡು ಕುರ್ಚಿಯಲ್ಲಿದ್ದೆ. ಮಿಲೇನಾ ಇಂಗ್ಲೆಂಡಿನ ಯಾವುದೋ ಹೋಟೆಲಿನಲ್ಲಿ ಅಡುಗೆ ಮಾಡುತ್ತಾಳೆ ಎಂದು ಊರೆಲ್ಲ ತಿಳಿದಿತ್ತು. ಅಪ್ಪನೂ ಹಾಗೇ ತಿಳಿದಿದ್ದ. ಫೋನು ಇಟ್ಟಾಗ ಅವನ ಮುಖ ನನ್ನ ನೊರೆಗಿಂತ ಬಿಳಿಚಿತ್ತು.

"ಹೋಟೆಲಲ್ಲ ಕಣೋ," ಎಂದ. "ಆ ಕಳ್ಳರ ತಂಡದಲ್ಲೇ ಅಂತೆ. ರೇಸಿಂದ ರೇಸಿಗೆ ಹೋಗಿ ಅವ್ರ ಮೆಕ್ಯಾನಿಕ್‌ಗಳಿಗೆ ಅಡುಗೆ ಮಾಡಿ ಬಡಿಸ್ತಾಳಂತೆ. ನಾನು ಬೇಜಾರು ಮಾಡ್ಕೋತೀನಿ ಅಂತ ಹೇಳಿರ್ಲಿಲ್ವಂತೆ. ತಂಡಾನ ಹೊರಗೆ ಹಾಕಿದ್ರೆ ಮೊದ್ಲು ಅಡುಗೆಯವರನ್ನೇ ಮನೆಗೆ ಕಳಿಸ್ತಾರಂತೆ. 'ಅಪ್ಪಾ, ನೀನು ಪೇಪರಲ್ಲಿ ಹೇಳಿದ ಅಡುಗೆಯವಳು ನಾನೇ' ಅಂದ್ಳು."

ಕತ್ತಿ ನನ್ನ ಗಂಟಲಿನ ಮೇಲೆ ಬಂದು ನಿಂತಿತು. "ಯಾರ ಹತ್ರಾನಾದ್ರೂ ಬಾಯಿ ಬಿಟ್ಯೋ, ನೋಡು ಮತ್ತೆ."

ಆ ಗಳಿಗೆಯಲ್ಲಿ ಬಾಯಿ ಬಿಡುವ ಉಮೇದು ನನಗೂ ಇರಲಿಲ್ಲ.

ಅಂದಿನಿಂದ ನಮ್ಮ ಅಧ್ಯಕ್ಷರಲ್ಲಿ ಕರುಣೆ ಉಕ್ಕತೊಡಗಿತು. ಜೀವಮಾನದ ನಿಷೇಧ ಎರಡು ವರ್ಷಕ್ಕಿಳಿಯಿತು, ಎರಡು ವರ್ಷ ನಾಲ್ಕು ರೇಸಿಗೆ. ಕೊನೆಗೆ, "ಅಂಕ ಕಳೆದ್ರೆ ಸಾಲ್ದೇನ್ರೋ? ನಾವು ಕ್ರೈಸ್ತರಲ್ವಾ?" ಎಂದ. ಪಾದ್ರಿಗಳ ಎದುರು ಎಂದೂ ನೆನಪಾಗದ ಧರ್ಮ ಬಾರಿನಲ್ಲಿ ನೆನಪಾಯಿತಲ್ಲ ಎಂದು ಇವೊನ್ನೆ ಲೋಟ ಒರೆಸುತ್ತ ಹುಬ್ಬೇರಿಸಿದಳು. ನಾವು ನಕ್ಕೆವು, ಎರ್ಮೆಸ್ ಮಾತ್ರ ನಗಲಿಲ್ಲ. ಪೊಲೀಸನ ಮೂಗು, ನಿವೃತ್ತಿಯಾದ ಮೇಲೂ ವಾಸನೆ ಹಿಡಿಯುವುದನ್ನು ಬಿಟ್ಟಿರಲಿಲ್ಲ.

ತೀರ್ಪಿನ ದಿನ ಮಧ್ಯಾಹ್ನ ಎಲ್ಲರೂ ಟೀವಿಯ ಮುಂದೆ ಕುಳಿತೆವು. ತಂಡದ ಅಂಕವೆಲ್ಲ ರದ್ದು, ಭಾರೀ ದಂಡ, ಆದರೆ ರೇಸಿನಲ್ಲಿ ಓಡಲು ಅಡ್ಡಿಯಿಲ್ಲ ಎಂದಿತು ಪ್ಯಾರಿಸ್. ಬಾರೆಲ್ಲ "ಥೂ!" ಎಂದಿತು. ಆ ಥೂಗಳ ನಡುವೆ ಒಬ್ಬ ಮಾತ್ರ ಎದ್ದು ನಿಂತು, "ಅಬ್ಬಾ ದೇವರೇ, ಬದುಕಿಕೊಂಡ್ವಿ!" ಎಂದುಬಿಟ್ಟ.

"ಯಾರು ಬದುಕಿಕೊಂಡಿದ್ದು, ಒಲಿಂತೋ?" ಎಂದ ಎರ್ಮೆಸ್, ಬಲು ಮೆತ್ತಗೆ.

ಮುಚ್ಚಿಟ್ಟು ಸಾಕಾಗಿತ್ತೋ ಏನೋ, ಒಲಿಂತೋ ಎಲ್ಲ ಹೇಳಿಬಿಟ್ಟ. ಎರ್ಮೆಸ್ ಕೇಳಿದ, "ಅಲ್ಲಿ ಏನೇನು ಮಾಡಿ ಹಾಕ್ತಾಳೆ?"

"ಎಲ್ಲಾನೂ. ಟೊರ್ಟೆಲ್ಲಿನಿ ಅಂದ್ರೆ ಅವ್ರಿಗೆ ಪ್ರಾಣವಂತೆ."

"ಒಳಗಿನ ಹೂರಣ?"

"ಅವಳಮ್ಮನದೇ," ಎಂದ ಒಲಿಂತೋ, ಪಾಪ, ಹೆಮ್ಮೆಯಿಂದಲೇ.

ಮುಗಿಯಿತು. ಟೊರ್ಟೆಲ್ಲಿನಿ ಎಂಬ ನಮ್ಮ ಪುಟ್ಟ ಕಡುಬಿನ ಹೂರಣಕ್ಕೆ ಹಂದಿಮಾಂಸ ಎಷ್ಟು, ಜಾಯಿಕಾಯಿ ಎಷ್ಟು ಎಂಬುದನ್ನು ನಮ್ಮಲ್ಲಿ ಅತ್ತೆ ಸೊಸೆಗೂ ಸುಲಭಕ್ಕೆ ಹೇಳುವುದಿಲ್ಲ. ಎರ್ಮೆಸನ ಹೆಂಡತಿ ಎಷ್ಟು ಗೋಗರೆದರೂ ಒಲಿಂತೋನ ಹೆಂಡತಿ ಸಾಯುವತನಕ ಬಾಯಿ ಬಿಟ್ಟಿರಲಿಲ್ಲ. ಅದನ್ನೀಗ ಇಂಗ್ಲಿಷರು ಪಾತ್ರೆಗಟ್ಟಲೆ ತಿನ್ನುತ್ತಿದ್ದಾರೆ!

"ನಕ್ಷೆ ಹೋಯ್ತು ಅಂದ್ರೆ ಇನ್ನೊಂದು ಬರೀಬಹುದು," ಎಂದ ಎರ್ಮೆಸ್. "ಇದನ್ನೆಲ್ಲಿಂದ ತರ್ತೀಯೋ, ದ್ರೋಹಿ?"

ಶಿಕ್ಷೆಯ ಚರ್ಚೆ ಮತ್ತೆ ಹೊಸದಾಗಿ ಶುರುವಾಯಿತು. ಒಬ್ಬ ಅಧ್ಯಕ್ಷಗಿರಿ ಕಿತ್ತುಕೊಳ್ಳಿ ಎಂದ, ಇನ್ನೊಬ್ಬ ಸಂಘದಿಂದಲೇ ಓಡಿಸಿ ಎಂದ. ಆಗ ಇವೊನ್ನೆ ಒರೆಸುವ ಬಟ್ಟೆಯನ್ನು ಕಟ್ಟೆಯ ಮೇಲೆ ಬಡಿದಳು.

"ಆ ಹುಡುಗಿ ಇಲ್ಲಿ ನಮ್ಮ ಕಾರ್ಖಾನೆ ಕ್ಯಾಂಟೀನಲ್ಲಿ ಕೆಲಸ ಕೇಳ್ಕೊಂಡು ಅಲೆದಾಗ ನಿಮ್ಮಲ್ಲಿ ಯಾವನಾದ್ರೂ ಅವಳ ಪರ ಒಂದು ಮಾತಾಡಿದ್ನೇನ್ರೋ? ಪ್ಯಾರಿಸ್ಸಿನವರಿಗೇ ಬುದ್ಧಿ ಹೇಳೋರು!"

ಒಬ್ಬೊಬ್ಬರೂ ತಮ್ಮ ತಮ್ಮ ಲೋಟಕ್ಕೆ ಕೈಹಾಕಿದರು. ಆಮೇಲೆ ಎರ್ಮೆಸ್, "ಅದು ಬೇರೆ ವಿಷಯ ಇವೊನ್ನೆ," ಎಂದ. ಹೌದೌದು, ಬೇರೆ ವಿಷಯ ಎಂದರು ಎಲ್ಲರೂ. ಕೈಗಳು ಮೇಲೆದ್ದವು. ಒಂದು ವರ್ಷ ಹಿಂದಿನ ಕೋಣೆಗೆ ಕಾಲಿಡುವಂತಿಲ್ಲ ಎಂದು ತೀರ್ಮಾನವಾಯಿತು. ಒಲಿಂತೋ ಸಂಘದ ಕೆಂಪು ಶಾಲನ್ನು ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ.

ಮುಂದಿನ ಭಾನುವಾರ ನನಗೆ ಬಾರಿಗೆ ಹೋಗಲು ಮನಸ್ಸಾಗಲಿಲ್ಲ. ಲಾಂಬ್ರುಸ್ಕೋ ವೈನಿನ ಬಾಟಲಿಯೊಂದನ್ನು ಬಗಲಲ್ಲಿಟ್ಟುಕೊಂಡು ಅವನ ಮನೆಗೆ ಹೋದೆ. ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದ. ಕೊನೆಯ ಸುತ್ತಿನಲ್ಲಿ ಮುಂದಿದ್ದ ನಮ್ಮ ಕಾರಿನಿಂದ ಹೊಗೆ ಎದ್ದಿತು, ಇಂಗ್ಲೆಂಡಿನ ಆ ತಂಡದ ಕಾರು ದಾಟಿಹೋಯಿತು. ನಾನು ತಲೆ ಮೇಲೆ ಕೈಹೊತ್ತು ಕಿರುಚಿದೆ. "ಹೋಯ್ತಲ್ಲೋ, ಒಲಿಂತೋ! ನಮ್ದು ಹೋಯ್ತಲ್ಲೋ!"

"ಥತ್, ಅಡ್ಡ ಬರ್ಬೇಡ ಮಾರಾಯ, ಪಕ್ಕಕ್ಕೆ ಸರಿ," ಎಂದು ನನ್ನನ್ನು ತಳ್ಳಿದ.

ಗೆದ್ದ ತಂಡದವರೆಲ್ಲ ಬೇಲಿಯ ಹತ್ತಿರ ಓಡಿಬಂದು ಕುಣಿಯುತ್ತಿದ್ದರು. ಹಿಂದೆ, ಎಲ್ಲರ ಭುಜಗಳಾಚೆ, ಬಿಳಿ ಏಪ್ರನ್ನಿನ ಹುಡುಗಿಯೊಬ್ಬಳು ಹಾರಿ ಹಾರಿ ಚಪ್ಪಾಳೆ ತಟ್ಟುತ್ತಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಕ್ಯಾಮೆರಾ ಬೇರೆ ಕಡೆ ತಿರುಗಿತು.

ಒಲಿಂತೋ ಇನ್ನೂ ಪರದೆಯನ್ನೇ ನೋಡುತ್ತಿದ್ದ.

"ನೋಡಿದ್ಯಾ?" ಎಂದ. "ಎಷ್ಟು ಸೊರಗಿದಾಳೆ ನನ್ನ ಮಗು."