ಟೀಗೆ ಕರೆಯುವ ಅಪಾಯದ ಬಟನ್

ಗೆಳೆಯರೇ, ನರಸಾಪುರದ ನಮ್ಮ ಫ್ಯಾಕ್ಟರಿಯಲ್ಲಿ ಕ್ರೇನ್ ಕೆಳಗೆ ದುಡಿಯುವ ನಮಗೆಲ್ಲ ಸೊಂಟಕ್ಕೊಂದು ವೈರ್‌ಲೆಸ್ ಬಟನ್ ಕೊಟ್ಟಿದ್ದಾರೆ. ಅಪಾಯವಾದರೆ ಒತ್ತಬೇಕು, ಮೇಲೆ ಕ್ಯಾಬಿನ್‌ನಲ್ಲಿ ಕೂತ ಆಪರೇಟರ್‌ಗೆ ಸೈರನ್ ಕೇಳುತ್ತದೆ. ಕೇಳುವುದೇನೋ ದಿನಾ ಕೇಳುತ್ತದೆ. ಆಪರೇಟರನ್ನು ಕೂಗಿ ಕರೆಯಲು ಬೇಸರವೆಂದು ನಮ್ಮ ಸೂಪರ್‌ವೈಸರ್ ಸಾಹೇಬರು ಟೀ ಬಂದಾಗಲೆಲ್ಲ ಅದನ್ನೇ ಒತ್ತುತ್ತಾರೆ.

ಇವತ್ತು ಬೆಳಗಿನ ಟೀ ಹೊತ್ತಿಗೆ ಸರಿಯಾಗಿ, ಕ್ರೇನ್ ಇಳಿಸುತ್ತಿದ್ದ ಕಬ್ಬಿಣದ ತೊಲೆಯಡಿ ನಮ್ಮ ಜೊತೆಗಾರ ಮುನಿರಾಜುವಿನ ಎಡಗೈ ಸಿಕ್ಕಿಕೊಂಡಿತು. ಬಲಗೈಯಲ್ಲಿ ಬಟನ್ ಒತ್ತಿದ. ಸೈರನ್ ಚೆನ್ನಾಗಿಯೇ ಕೂಗಿತು. ಆಪರೇಟರ್ ವೆಂಕಟೇಶಣ್ಣ ಕ್ರೇನ್ ಆಫ್ ಮಾಡಿ, ಸ್ಟೀಲ್ ಲೋಟ ಹಿಡಿದುಕೊಂಡು ಏಣಿ ಇಳಿಯತೊಡಗಿದ.

"ಅಣ್ಣೋ, ಟೀ ಅಲ್ಲಣ್ಣೋ! ಮುನಿರಾಜು ಕೈ ಸಿಕ್ಕೊಂಡೈತೆ, ಮೇಲಕ್ಕೆತ್ತು!" ಎಂದು ಅರಚಿದೆ.

"ಅಯ್ಯೋ ದೇವುಡಾ, ಟೀ ಅಂದ್ಕೊಂಡ್ನಲ್ಲೋ!" ಎನ್ನುತ್ತಾ ಅವನು ಲೋಟ ಎಸೆದು ಮತ್ತೆ ಹತ್ತಿದ. ತೊಲೆ ಮೇಲೇಳುವಷ್ಟರಲ್ಲಿ ಮುನಿರಾಜು ಕಿರುಚುವುದನ್ನೂ ನಿಲ್ಲಿಸಿದ್ದ. ಕೋಲಾರದ ಆಸ್ಪತ್ರೆಯಲ್ಲಿ ಅವನ ಎರಡು ಬೆರಳು ತೆಗೆದರು.

ಸಾಹೇಬರು ಆಸ್ಪತ್ರೆಗೂ ಬಂದು ಅವನಿಗೇ ಬುದ್ಧಿ ಹೇಳಿದರು: "ಟೀ ಟೈಮಲ್ಲಿ ಒತ್ತಿದ್ರೆ ಯಾರಿಗ್ ಗೊತ್ತಾಗ್ತದಪ್ಪಾ?"

ಸಂಜೆ ನೋಟಿಸ್ ಬೋರ್ಡಿನಲ್ಲಿ ಹೊಸ ನಿಯಮ ಅಂಟಿಸಿದ್ದರು: ನಾಳೆಯಿಂದ ಟೀಗೆ ಒಂದು ಸಲ, ಅಪಾಯಕ್ಕೆ ಮೂರು ಸಲ ಒತ್ತತಕ್ಕದ್ದು.

ಸಿಕ್ಕಿಕೊಂಡವನು ಎಣಿಸಿಕೊಂಡು ಒತ್ತಲಿ. ಟೀ ಮಾತ್ರ ಆರಬಾರದು.