ಅರದಲ್ಲಿ ಮಾಡಿದ ಮಚ್ಚು

ನಮ್ಮ ಬೀದಿಯಲ್ಲಿ ಯಾರು ಹೊಸ ಮಚ್ಚು ತಂದರೂ ಮೊದಲು ನನಗೆ ತೋರಿಸುತ್ತಾರೆ. ಎಳನೀರು ಮಾರುವವನು ತೋರಿಸುತ್ತಾನೆ, ಪಾರ್ಕಿನ ಮಾಲಿ ತೋರಿಸುತ್ತಾನೆ. ನಾನು ಕನ್ನಡಕವನ್ನು ಹಣೆಗೇರಿಸಿ, ಮಚ್ಚನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಮ್ಮೆ ಟಿಂಗ್ ಎನ್ನಿಸಿ ಕಿವಿಯ ಹತ್ತಿರ ತರುತ್ತೇನೆ. ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆಮೇಲೆ 'ಪರವಾಗಿಲ್ಲ' ಎನ್ನುತ್ತೇನೆ. ಆ ಸುಮ್ಮನಿರುವುದೇ ಮುಖ್ಯ. ನನಗೆ ಎಡಗಿವಿ ಕೇಳಿಸುವುದು ನಿಂತು ಹತ್ತು ವರ್ಷವಾಯಿತು. ನಾನು ಮಚ್ಚು ಹಿಡಿಯುವುದೂ ಎಡಗಿವಿಗೇ.

ಉಕ್ಕಿನ ವಿಷಯದಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ನನ್ನದೇ ಕೊನೆಯ ಮಾತು ಎಂದು ನಾನೇ ಎಷ್ಟೋ ಕಾಲದಿಂದ ಹೇಳಿಕೊಂಡು ಬಂದಿದ್ದೇನೆ. ಯಾರೂ ಅಲ್ಲ ಎನ್ನದಿದ್ದುದರಿಂದ ಅದು ನಿಜವಾಗಿಬಿಟ್ಟಿದೆ. ಈ ಪಾಂಡಿತ್ಯವೆಲ್ಲ ನನಗೆ ಬಂದದ್ದು ಒಂದೇ ಒಂದು ಮಚ್ಚಿನಿಂದ. ಆ ಮಚ್ಚು ಬಾಳಿದ್ದು ಒಂದೇ ಒಂದು ಏಟು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ರಾಜಾಜಿನಗರದಲ್ಲಿ ಹೊಸದಾಗಿ ಎದ್ದಿದ್ದ ಕಾರ್ಖಾನೆ ಶೆಡ್ಡುಗಳಲ್ಲಿ ಒಂದರಲ್ಲಿ ನಾನು ಲೇತ್ ಕೆಲಸ ಕಲಿಯಲು ಸೇರಿ ಎಂಟು ತಿಂಗಳಾಗಿತ್ತು. ವಯಸ್ಸು ಇಪ್ಪತ್ತು. ಎಂಟು ತಿಂಗಳಲ್ಲಿ ಒಬ್ಬ ಮನುಷ್ಯ ಕಲಿಯಬಹುದಾದದ್ದನ್ನೆಲ್ಲ ಕಲಿತುಬಿಟ್ಟಿದ್ದೇನೆ ಎಂಬ ನಂಬಿಕೆ ನನಗಿತ್ತು. ಅಪ್ಪ ಅಮ್ಮ ಇಬ್ಬರೂ ಬೇಗ ಹೋಗಿದ್ದರಿಂದ ನನ್ನನ್ನು ಸಾಕಿದವರು ಸೋದರಮಾವ ಮತ್ತು ಅತ್ತೆ. ಮಾಗಡಿ ರಸ್ತೆಯಿಂದ ಒಳಕ್ಕೆ, ಈಗ ಬಸವೇಶ್ವರನಗರ ಎನ್ನುವ ಕಡೆ, ಅವರಿಗೆ ರಾಗಿ ಹೊಲ, ಒಂದು ಬಾವಿ, ಹನ್ನೊಂದು ತೆಂಗಿನ ಮರ ಇದ್ದವು. ಅತ್ತೆ ಅವರೆಕಾಯಿ ಒಣಗಿಸುತ್ತಿದ್ದ ಜಾಗದಲ್ಲಿ ಇವತ್ತು ಒಬ್ಬ ಹಲ್ಲಿನ ಡಾಕ್ಟರು ಕೂತಿದ್ದಾರೆ. ನನ್ನ ಕೊನೆಯ ಮೂರು ಹಲ್ಲು ಕಿತ್ತವರು ಅವರೇ.

ಮಾವನಿಗೆ ಗಂಡುಮಕ್ಕಳಿರಲಿಲ್ಲ. ನಾನು ಹೊಲಕ್ಕೆ ಇಳಿಯುತ್ತೇನೆ ಎಂದು ಕಾದಿದ್ದರು. ನಾನು ಶೆಡ್ಡಿಗೆ ಇಳಿದಿದ್ದೆ. ಒಂದು ಭಾನುವಾರ ಬೆಳಿಗ್ಗೆ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು.

"ಅಲ್ಲಿ ದಿನಾ ಏನ್ಲಾ ಮಾಡ್ತೀಯ?"

"ಉಕ್ಕು ಕಡೀತೀನಿ ಮಾವ."

"ನಾನು ಜಾಲಿ ಕಡೀತೀನಿ. ಬೇಲಿ ಆಗ್ತೈತೆ. ನೀನು ಕಡ್ದಿದ್ದು ಏನಾಗ್ತೈತೆ?"

"ಬುಷ್ ಆಗುತ್ತೆ."

"ಹಂಗಂದ್ರೆ?"

"ಉಕ್ಕಿನ ಬಳೆ ಇದ್ದಂಗೆ."

"ಯಾರು ತೊಟ್ಕತಾರೆ?"

ಆ ಬುಷ್ ಎಲ್ಲಿಗೆ ಹೋಗಿ ಏನಾಗುತ್ತದೆ ಎನ್ನುವುದು ನನಗೂ ಗೊತ್ತಿರಲಿಲ್ಲ. ಶೆಡ್ಡಿನ ಮೇಸ್ತ್ರಿಯನ್ನು ಕೇಳಿದರೆ ಗೊತ್ತಿಲ್ಲದವನು ಎಂದಾಗುತ್ತದಲ್ಲ ಎಂದು ಕೇಳಿರಲೂ ಇಲ್ಲ. "ಅದೆಲ್ಲ ಹೇಳಿದ್ರೆ ನಿಮಗೆ ತಿಳಿಯಲ್ಲ ಬಿಡಿ ಮಾವ," ಎಂದೆ.

ಮಾವ ಒಳಗೆ ಹೋಗಿ ತಮ್ಮ ಹಳೆಯ ಮಚ್ಚು ತಂದು ನನ್ನ ಮುಂದೆ ಇಟ್ಟರು. ಮೂವತ್ತು ವರ್ಷ ಮಸೆದೂ ಮಸೆದೂ ಅದರ ಅಲಗು ಎರಡು ಬೆರಳಿನಷ್ಟು ಉಳಿದಿತ್ತು.

"ಇದು ಮುಗೀತು," ಎಂದರು. "ರಾಗಿ ತೆನೆಗೆ ಬರ್ತಾ ಐತೆ, ದನ ನುಗ್ಗೋಕೆ ಮುಂಚೆ ಬೇಲಿ ಆಗ್ಬೇಕು. ನಿನ್ನ ಉಕ್ಕಿನಾಗೆ ಒಂದು ಮಚ್ಚು ಮಾಡ್ಕಂಡ್ ಬಾ. ಆಯುಧಪೂಜೆಗೆ ಇಡಾನ, ಮಾರನೇ ದಿನ ಬೇಲಿಗೆ ಎತ್ತಾನ. ಬೇಲಿ ಮುಗಿಯೋಗಂಟ ಮಚ್ಚು ತಡ್ಕಂಡ್ರೆ ನಿನ್ನ ದಾರಿಗೆ ನಾನು ಬರಕಿಲ್ಲ. ತಡೀನಿಲ್ಲ ಅಂದ್ರೆ ನಿನ್ನ ಶೆಡ್ಡು ಬಿಟ್ಟು ನೇಗಿಲು ಹಿಡಿ."

"ಒಂದು ಬೇಲಿ ಏನ್ ಮಾವ, ಹತ್ತು ಬೇಲಿ ಹಾಕ್ಕೊಳ್ಳಿ," ಎಂದೆ.

ಒಳಗಿನಿಂದ ಅತ್ತೆ, "ಒಂದು ಹಾಕ್ಲಿ ಮೊದ್ಲು," ಎಂದರು.

ಮಾಗಡಿ ರಸ್ತೆಯ ಪಕ್ಕ ಒಂದು ಹೊಂಗೆ ಮರದ ಕೆಳಗೆ ಒಬ್ಬ ಆಚಾರಿಯ ಕುಲುಮೆ ಇತ್ತು. ಸುತ್ತಿನ ಹಳ್ಳಿಗಳ ಕುಡುಗೋಲು, ಮಚ್ಚು, ನೇಗಿಲ ಗುಳ ಎಲ್ಲ ಆಗುತ್ತಿದ್ದುದು ಅಲ್ಲೇ. ಅಲ್ಲಿ ಒಂದು ಪದ್ಧತಿ. ಸಾಮಾನು ಬೇಕಾದವನೇ ಕಬ್ಬಿಣ ತರಬೇಕು, ಇದ್ದಿಲು ತರಬೇಕು, ಸಮ್ಮಟಿಗೆ ಎನ್ನುವ ದೊಡ್ಡ ಸುತ್ತಿಗೆ ಹಿಡಿದು ಹೊಡೆಯುವವನೂ ಅವನೇ. ಆಚಾರಿ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು, ಎಲ್ಲಿ ಹೊಡೆಯಬೇಕೆಂದು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸುತ್ತಾರೆ. ಹಾಗಾಗಿ ನಮ್ಮ ಕಡೆ 'ಇದು ಯಾರ ಮಚ್ಚು' ಎಂದು ಕೇಳಿದರೆ ಆಚಾರಿಯ ಹೆಸರು ಹೇಳುತ್ತಿರಲಿಲ್ಲ, ಹೊಡೆದವನ ಹೆಸರು ಹೇಳುತ್ತಿದ್ದರು.

ಆಚಾರಿಗೂ ನನಗೂ ಒಂದು ಹಳೆಯ ಲೆಕ್ಕ ಬಾಕಿ ಇತ್ತು. ಶೆಡ್ಡಿಗೆ ಸೇರಿದ ಹೊಸದರಲ್ಲಿ ಒಂದು ತುಂಡು ಮೆದು ಕಬ್ಬಿಣಕ್ಕೆ ಎಣ್ಣೆ ಬಳಿದು, ಇಂಗ್ಲಿಷ್ ಅಕ್ಷರವಿದ್ದ ಕಾಗದದಲ್ಲಿ ಸುತ್ತಿ, "ಆಚಾರ್ರೇ, ಜರ್ಮನಿ ಉಕ್ಕು. ಉಳಿ ಮಾಡಿಕೊಡಿ," ಎಂದು ಕೊಟ್ಟು ಬಂದಿದ್ದೆ. ಅವರು ಕಾಗದ ಬಿಚ್ಚಿ, ತುಂಡನ್ನು ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಒಮ್ಮೆ ತಟ್ಟಿ, ಏನೂ ಹೇಳದೆ ಇಟ್ಟುಕೊಂಡರು. ಗೆದ್ದೆ ಎಂದುಕೊಂಡು ಮೂರು ದಿನ ನಕ್ಕಿದ್ದೇ ನಕ್ಕಿದ್ದು. ನಾಲ್ಕನೆಯ ದಿನ ಹೋದಾಗ ಅದೇ ಕಾಗದದಲ್ಲಿ ಸುತ್ತಿ ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆ ಕೊಟ್ಟರು. "ಜರ್ಮನಿಯವರು ಇದ್ರಲ್ಲಿ ಇದನ್ನೇ ಮಾಡೋದಂತೆ," ಎಂದರು. ನಮ್ಮ ಶೆಡ್ಡಿನವರೆಗೂ ಆ ಸುದ್ದಿ ಬಂತು. ಹೇಗೆ ಬಂತು ಎಂದು ಇವತ್ತಿಗೂ ಗೊತ್ತಿಲ್ಲ.

ಆದ್ದರಿಂದ ಮಚ್ಚಿನ ವಿಷಯಕ್ಕೆ ನಾನು ಅಲ್ಲಿಗೆ ಹೋದದ್ದು ಕೇಳುವುದಕ್ಕಲ್ಲ, ತೋರಿಸುವುದಕ್ಕೆ. ಚೀಲದಲ್ಲಿ ನನ್ನ ಉಕ್ಕು ಆಗಲೇ ಇತ್ತು: ಶೆಡ್ಡಿನ ಗುಜರಿಯಿಂದ ಮೇಸ್ತ್ರಿಯನ್ನು ಕೇಳಿ ತಂದ, ಒಂದು ಮೊಳ ಉದ್ದದ, ಹಲ್ಲು ಸವೆದ ದೊಡ್ಡ ಅರ. ಅರ ಎಂದರೆ ಉಕ್ಕನ್ನೇ ಉಜ್ಜಿ ಸವೆಸುವ ಸಾಮಾನು. ಉಕ್ಕನ್ನೇ ತಿನ್ನುವುದಕ್ಕೆ ಜಾಲಿ ಮರ ಯಾವ ಲೆಕ್ಕ ಎನ್ನುವುದು ನನ್ನ ತರ್ಕ. ಆಯ್ಕೆಯನ್ನು ಶಾಸ್ತ್ರೋಕ್ತವಾಗಿಯೇ ಮಾಡಿದ್ದೆ. ಸಾಣೆ ಚಕ್ರಕ್ಕೆ ಹಿಡಿದಾಗ ಮೆದು ಕಬ್ಬಿಣದ ಕಿಡಿ ಹುಲ್ಲಿನ ಎಳೆಯಂತೆ ಉದ್ದಕ್ಕೆ ಹೋಗುತ್ತದೆ, ಗಟ್ಟಿ ಉಕ್ಕಿನ ಕಿಡಿ ಸುರುಸುರುಬತ್ತಿಯಂತೆ ಹೂವಾಗಿ ಒಡೆಯುತ್ತದೆ ಎಂದು ಮೇಸ್ತ್ರಿ ಒಮ್ಮೆ ತೋರಿಸಿದ್ದರು. ಅವತ್ತಿನಿಂದ ಶೆಡ್ಡಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಚಕ್ರಕ್ಕೆ ಹಿಡಿದು ನೋಡಿದ್ದೆ. ಮೇಸ್ತ್ರಿಯ ಊಟದ ಕ್ಯಾರಿಯರಿನ ಹಿಡಿಯನ್ನೂ. ಅರದಷ್ಟು ಚೆಂದ ಯಾವುದೂ ಹೂ ಬಿಟ್ಟಿರಲಿಲ್ಲ.

ಆಚಾರಿ ಅರವನ್ನು ತಿರುಗಿಸಿ ನೋಡಿದರು.

"ಒಳ್ಳೇ ಉಕ್ಕು. ಕೆಂಪಗೆ ಕಾಯಿಸಿ, ಒಂದು ದಿನ ಬೂದಿಲಿ ಹೂತು, ಮೆತ್ತಗೆ ಮಾಡ್ಕೊಂಡು ಆಮೇಲೆ ಹದ ಹಾಕಿದ್ರೆ ಕುಡುಗೋಲು ಆಯ್ತದೆ. ಜಾಲಿಗೆ ಬ್ಯಾಡ."

"ಕಾಯಿಸಿದ್ರೆ ಗಟ್ಟಿತನ ಹೋಗಲ್ವಾ ಆಚಾರ್ರೇ?"

"ಹೋಗ್ಲಿ ಅಂತಾನೇ ಕಾಯ್ಸೋದು."

ನಾನು ನಕ್ಕೆ. ಗಟ್ಟಿಯಾಗಿರುವುದನ್ನು ಮೆತ್ತಗೆ ಮಾಡಿ ಮಚ್ಚು ಮಾಡುತ್ತಾರಂತೆ ಎಂದು ಮಾರನೆಯ ದಿನ ಶೆಡ್ಡಿನಲ್ಲಿ ಹೇಳಿ ನಗಿಸಲು ಮಾತು ಸಿಕ್ಕಿತಲ್ಲ ಎಂದು ಖುಷಿಯಾಯಿತು. ಆಚಾರಿ ಮೂಲೆಯಿಂದ ಒಂದು ತುಕ್ಕು ಹಿಡಿದ ಬಾಗಿದ ಪಟ್ಟಿ ಎಳೆದರು. ಕಲ್ಲು ಹೊರುವ ಲಾರಿಗಳ ಚಕ್ರದ ಮೇಲೆ ಒಂದರ ಮೇಲೊಂದು ಕಟ್ಟಿರುತ್ತಾರಲ್ಲ, ಆ ಕಮಾನು ಪಟ್ಟಿ; ತುಂಡಾದದ್ದು.

"ಇದು ಮೈಸೂರು ರಸ್ತೆ ಗುಂಡಿಲೆಲ್ಲ ಬಗ್ಗಿ ಬಗ್ಗಿ ಎದ್ದೈತೆ. ಬಗ್ಗಿ ಏಳೋದು ಬೇಕು ಕಣಪ್ಪ ಮಚ್ಚಿಗೆ."

"ಮುರಿದಿದ್ಯಲ್ಲ ಆಚಾರ್ರೇ ಅದು."

"ನಿನ್ನ ಮಾತು ಹೊತ್ತಿದ್ರೆ ಇನ್ನೂ ಬೇಗ ಮುರೀತಿತ್ತು. ಬೋಲ್ಟ್ ತೂತದ ಹತ್ರ ಮುರಿದೈತೆ. ಅದ್ನ ಬಿಟ್ಟು ಈ ಕಡೇದು ತಗೋತೀವಿ."

ತುಕ್ಕು ಹಿಡಿದ ಲಾರಿ ಚೂರನ್ನು ಮಾವನ ಕೈಗೆ ಕೊಟ್ಟು, ಇದು ನಾನು ಎಂಟು ತಿಂಗಳಲ್ಲಿ ಕಲಿತ ವಿದ್ಯೆ ಎನ್ನಲೇ? ಅರವನ್ನು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ಮುಂದಿನ ಎರಡು ವಾರ ಊಟದ ಬಿಡುವಿನಲ್ಲೆಲ್ಲ ಸಾಣೆ ಚಕ್ರದ ಮುಂದೆ ನಿಂತು, ಬಿಸಿಯಾದರೆ ಗಟ್ಟಿತನ ಹೋದೀತೆಂದು ಅರವನ್ನು ಗಳಿಗೆಗೊಮ್ಮೆ ನೀರಿಗೆ ಅದ್ದುತ್ತಾ ಉಜ್ಜಿದೆ. ತಾಯಿ ಕೂಸಿನ ಜ್ವರ ನೋಡುವಂತೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಹಲ್ಲೆಲ್ಲ ಹೋಗಿ ಕನ್ನಡಿಯಾಯಿತು. ಹೊನ್ನೆ ಮರದ ಹಿಡಿ ಹಾಕಿದೆ. ಅಲಗಿನ ತುದಿಯಿಂದ ಗಾಜಿನ ಮೇಲೆ ಗೀರಿದರೆ ಗೆರೆ ಬೀಳುತ್ತಿತ್ತು. ಟೀ ಅಂಗಡಿಯ ಗಾಜಿನ ಭರಣಿಯ ಮೇಲೆ ನನ್ನ ಹೆಸರಿನ ಮೊದಲ ಅಕ್ಷರ ಬರೆದು ತೋರಿಸಿದೆ. ಅಂಗಡಿಯವನು ಎರಡನೆಯ ಅಕ್ಷರ ಬರೆಯಲು ಬಿಡಲಿಲ್ಲ.

ಆಯುಧಪೂಜೆಯ ದಿನ ನೇಗಿಲು, ಗುದ್ದಲಿ, ಕುಡುಗೋಲುಗಳ ನಡುವೆ ನನ್ನ ಮಚ್ಚು ಮದುಮಗನಂತೆ ಮಲಗಿತ್ತು. ಮಾವನ ಹಳೆಯ ಮಚ್ಚು ಪಕ್ಕದಲ್ಲಿ ಬೀಗರ ಕಡೆಯ ಮುದುಕನಂತೆ. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವ ಹಾಗಿಲ್ಲವಾದ್ದರಿಂದ ನನಗೆ ಹೊಗಳಿಕೊಳ್ಳಲು ಇಡೀ ಒಂದು ದಿನ ಸಿಕ್ಕಿತು. ಸಿಕ್ಕಿದ್ದನ್ನು ಪೂರ್ತಿ ಬಳಸಿದೆ.

ಮಾರನೆಯ ದಿನ ಬೆಳಿಗ್ಗೆ ಹೊಲದ ಬದಿಯಲ್ಲಿ ಅಕ್ಕಪಕ್ಕದ ಹೊಲದವರೂ ನಾಲ್ಕೈದು ಜನ ನಿಂತಿದ್ದರು. ಅವರನ್ನು ಕರೆದವನು ನಾನೇ. ಅತ್ತೆ ಮಜ್ಜಿಗೆಯ ಗಡಿಗೆ ಹೊತ್ತು ತಂದು ಬದುವಿನ ಮೇಲೆ ಇಟ್ಟರು. ಮಾವ ಮಚ್ಚಿನ ಅರಿಸಿನ ಕುಂಕುಮ ಒರೆಸಿ, ತೂಗಿ ನೋಡಿ, ನನ್ನ ಕೈಗೇ ಕೊಟ್ಟರು.

"ನೀನು ಮಾಡಿರೋದು. ಮೊದಲ ಏಟು ನೀನೇ ಹಾಕು."

ಸಣ್ಣ ಕೊಂಬೆಯಿಂದ ಶುರುಮಾಡಬಹುದಿತ್ತು. ಹಾಗೆ ಮಾಡಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಎಲ್ಲಕ್ಕಿಂತ ಹಳೆಯ ಜಾಲಿಯ ಬೊಡ್ಡೆ ನೋಡಿ, ಪಂಚೆ ಎತ್ತಿ ಕಟ್ಟಿ, "ಹಿಂದಕ್ಕೆ ಸರೀರಿ, ಮರ ಬೀಳುತ್ತೆ," ಎಂದು ಎಲ್ಲರಿಗೂ ಹೇಳಿ, ಎರಡು ಕೈಯಲ್ಲಿ ಎತ್ತಿ ಬೀಸಿದೆ.

ಗಂಟೆ ಬಾರಿಸಿದಂತೆ ಸದ್ದಾಯಿತು. ಮರ ಬೀಳಲಿಲ್ಲ. ನನ್ನ ಕೈಯಲ್ಲಿ ಹಿಡಿ ಮತ್ತು ಗೇಣುದ್ದ ಉಕ್ಕು ಉಳಿದಿತ್ತು. ಅಂಗೈಯಿಂದ ಭುಜದವರೆಗೆ ಜುಂ ಎನ್ನುತ್ತಿತ್ತು. ಮಿಕ್ಕ ಅರ್ಧ ಎಲ್ಲಿ ಎಂದು ಎಲ್ಲರೂ ಸುತ್ತ ನೋಡುತ್ತಿರುವಾಗ ಬದುವಿನ ಕಡೆಯಿಂದ ಬುಳಬುಳ ಸದ್ದು ಬಂತು. ಗಡಿಗೆಯ ಹೊಟ್ಟೆಯಲ್ಲಿ ಒಂದು ತೂತು. ಮಜ್ಜಿಗೆ ಹರಿದು ಬಂದು ಮಾವನ ಪಾದದ ಹತ್ತಿರ ನಿಂತಿತು.

ಅತ್ತೆ ಗಡಿಗೆಯೊಳಗೆ ಕೈಹಾಕಿ ಆ ತುಂಡನ್ನು ತೆಗೆದು ಸೆರಗಿನಲ್ಲಿ ಒರೆಸಿದರು. "ಗಡಿಗೆಗೆ ಚೆನ್ನಾಗ್ ನಾಟ್ತದೆ," ಎಂದರು.

ಯಾರೂ ಜೋರಾಗಿ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಮಾವ ಎರಡೂ ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, "ನಡಿ," ಎಂದರು. ನೇಗಿಲ ಕಡೆಗೆ ಎಂದುಕೊಂಡು ಹಿಂದೆ ಹೋದೆ. ಅವರು ಮಾಗಡಿ ರಸ್ತೆಯ ಕಡೆ ತಿರುಗಿದರು. ನೇಗಿಲಾದರೂ ಪರವಾಗಿಲ್ಲ, ಕುಲುಮೆ ಬೇಡ ಎನ್ನಿಸಿತು.

ಆಚಾರಿ ಟವೆಲ್ ಬಿಚ್ಚಿ ನೋಡಿದರು. ಮುರಿದ ಜಾಗ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಹೇಳಿದ್ದೆನಲ್ಲ ಎನ್ನುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಅದೇ ಲಾರಿ ಪಟ್ಟಿಯನ್ನು ಬೆಂಕಿಗೆ ಇಟ್ಟು, ಸಮ್ಮಟಿಗೆಯನ್ನು ನನ್ನ ಕಡೆ ತಳ್ಳಿದರು. "ಹೊಡೀಪ್ಪ ಇಂಜಿನಿಯರು."

ಮಧ್ಯಾಹ್ನದವರೆಗೆ ಹೊಡೆದೆ. ಆಚಾರಿ ತಟ್ಟಿ ತೋರಿಸಿದ ಕಡೆ ಕೆಲವು ಏಟು ಬಿದ್ದವು, ಉಳಿದವು ಅಡಿಗಲ್ಲಿಗೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಬಾಗಿದ್ದ ಪಟ್ಟಿ ನೇರವಾಯಿತು, ಬೆನ್ನು ದಪ್ಪಗೆ ಉಳಿದು ಅಲಗು ತೆಳ್ಳಗಾಯಿತು, ಮೂತಿ ಬಾಗಿತು. ಕೊನೆಗೆ ಅಲಗನ್ನಷ್ಟೇ ನೀರಿಗೆ ಇಳಿಸಿ ತೆಗೆದು, ಕಲ್ಲಿನಲ್ಲಿ ಉಜ್ಜಿ ಬೆಳ್ಳಗೆ ಮಾಡಿದರು. ಬೆನ್ನಿನಲ್ಲಿ ಉಳಿದಿದ್ದ ಬಿಸಿ ಅಲಗಿನ ಕಡೆ ಇಳಿಯುತ್ತಿದ್ದಂತೆ ಆ ಬಿಳಿಯ ಮೇಲೆ ಬಣ್ಣ ಓಡಾಡತೊಡಗಿತು: ಒಣಹುಲ್ಲಿನ ಬಣ್ಣ, ಬೆಲ್ಲದ ಬಣ್ಣ.

"ಈಗ ನೀರಿಗೆ ಹಾಕ್ಲಾ? ನೀನೇ ಹೇಳು," ಎಂದರು ಆಚಾರಿ.

"ಗೊತ್ತಿಲ್ಲ," ಎಂದೆ. ಮಾವ ತಿರುಗಿ ನನ್ನ ಮುಖ ನೋಡಿದರು. ನಾನು ಆ ಮಾತು ಆಡಿದ್ದನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು.

"ಬದನೆ ಹೂವಿನ ಬಣ್ಣ ಬರೋಗಂಟ ತಡಿ," ಎಂದರು ಆಚಾರಿ. ಬಂತು. ಚುಂಯ್ ಎಂದು ನೀರಿಗೆ ಇಳಿಯಿತು.

ಬೇಲಿ ಮೂರು ದಿನ ನಡೆಯಿತು. ಮಚ್ಚು ಮಾವನ ಕೈಯಲ್ಲಿ; ನನಗೆ ಕಡಿದ ಮುಳ್ಳು ಎಳೆಯುವ ಕೆಲಸ. ಶೆಡ್ಡಿಗೆ ಹೋಗುವ ಮಾತೇ ಯಾರೂ ಎತ್ತಲಿಲ್ಲ. ಎತ್ತುವ ಮುಖ ನನಗೂ ಇರಲಿಲ್ಲ. ಆ ಹಳೆಯ ಜಾಲಿಯನ್ನು ಮಾವ ಕೊನೆಯ ದಿನಕ್ಕೆ ಬಿಟ್ಟಿದ್ದರು. ಕಡಿದು ಬೀಳಿಸಿ, ಅಲಗಿನ ಮೇಲೆ ಹೆಬ್ಬೆರಳು ಓಡಿಸಿ, ಎಲ್ಲೂ ಮುಕ್ಕಾಗಿಲ್ಲ ಎಂದು ಕಂಡು ತಲೆಯಾಡಿಸಿದರು. ಆಗ ನನಗೆ ನನ್ನ ಹಳೆಯ ಸ್ವಭಾವ ವಾಪಸ್ಸು ಬಂತು.

"ಮಾವ, ಬೇಲಿ ಮುಗೀತು. ಮಚ್ಚು ತಡ್ಕೊಂಡಿದೆ."

"ಅದಕ್ಕೆ?"

"ನನ್ನ ಮಚ್ಚು ತಡ್ಕೊಂಡ್ರೆ ನನ್ನ ದಾರಿಗೆ ಬರಲ್ಲ ಅಂದಿದ್ರಿ."

"ನಿನ್ನ ಮಚ್ಚು ಗಡಿಗೇಲಿತ್ತಲ್ಲೋ."

"ಇದೂ ನಂದೇ. ಸಮ್ಮಟಿಗೆ ಹೊಡೆದಿದ್ದು ಯಾರು? ಹೊಡೆದವನದ್ದೇ ಮಚ್ಚು ಅಂತ ಊರೇ ಹೇಳುತ್ತೆ." ಅಂಗೈ ಬಿಚ್ಚಿ ತೋರಿಸಿದೆ. ಬೊಬ್ಬೆಯ ಮೇಲೆ ಮುಳ್ಳಿನ ಗೀರು ಸೇರಿ ಅಂಗೈ ನೋಡುವಂತಿರಲಿಲ್ಲ.

ಮಾವ ಮಚ್ಚನ್ನು ಕೈಯಲ್ಲೇ ಆ ಕಡೆ ಈ ಕಡೆ ತೂಗಿದರು. ನನ್ನ ಬದುಕು ಯಾವ ಕಡೆ ಬೀಳುತ್ತದೋ ಎಂದು ಮಚ್ಚಿನ ತುದಿಯನ್ನೇ ನೋಡುತ್ತಾ ನಿಂತಿದ್ದೆ. ಅತ್ತೆ ಹೊಸ ಗಡಿಗೆಯನ್ನು ನನ್ನಿಂದ ಸ್ವಲ್ಪ ದೂರಕ್ಕೆ ಸರಿಸಿ, "ನಾಳೆ ಇವನಿಗೆ ರೊಟ್ಟಿ ಕಟ್ಟದಾ, ಬ್ಯಾಡ್ವಾ?" ಎಂದು ಮಾವನನ್ನು ಕೇಳಿದರು.

"ಕಟ್ಟು," ಎಂದರು ಮಾವ. "ಇವನ್ನ ಹೊಲದಾಗೆ ಇಟ್ಕಂಡ್ರೆ ಮನೇಲಿ ಒಂದು ಗಡಿಗೇನೂ ಉಳಿಯಕಿಲ್ಲ. ಇನ್ನೂ ಏನೂ ಕಲ್ತಿಲ್ಲ ಇವ್ನು. ಹೋಗಿ ಕಲೀಲಿ."

ಮಾರನೆಯ ದಿನ ಶೆಡ್ಡಿನಲ್ಲಿ ಮೊದಲ ಕೆಲಸವಾಗಿ ಮೇಸ್ತ್ರಿಯ ಹತ್ತಿರ ಹೋಗಿ, ನಾವು ಮಾಡುವ ಬುಷ್ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂಟು ತಿಂಗಳಾದ್ಮೇಲೆ ಕೇಳ್ತಾ ಇದೀಯಾ? ಬಾವಿಯಿಂದ ನೀರೆತ್ತೋ ಪಂಪಿಗೆ ಕಣಯ್ಯ," ಎಂದರು.

ಸಂಜೆ ಮನೆಗೆ ಹೋಗಿ ಮಾವನಿಗೆ ಹೇಳಿದೆ. ಆ ವರ್ಷವೆಲ್ಲ ಅವರು ನೀರಿನ ಪಂಪು ಹಾಕಿಸುವ ಕನಸಿನಲ್ಲಿದ್ದರು. ಬಾವಿಯ ಕಡೆ ನೋಡಿದರು, ಹೊಸ ಮಚ್ಚಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ಇದನ್ನ ಅವತ್ತೇ ಹೇಳಿದ್ರೆ ನಾನು ಸುಮ್ನಾಗ್ತಿದ್ನಲ್ಲೋ," ಎಂದರು. "ಮಜ್ಜಿಗೇನಾದ್ರೂ ಉಳೀತಿತ್ತು."