ಲೋರ್ನನ ಪೈನ್ ಹಲಗೆಗಳು

ಕಡುಚಳಿಯ ಊರು ವಿನಿಪೆಗ್ಗಿನ ನಮ್ಮ ಬೀದಿಯಲ್ಲಿ ಲೋರ್ನ್ ಹ್ರಿಂಚುಕ್‌ನಷ್ಟು ಜಂಬದವನು ಇನ್ನೊಬ್ಬನಿರಲಿಲ್ಲ. ನೆಲಮಾಳಿಗೆಯ ಬರಿಯ ಕಾಂಕ್ರೀಟ್ ಗೋಡೆಗೆ ತಾನೇ ಪೈನ್ ಹಲಗೆ ಬಡಿದು, ಮನೆಗೆ ಬಂದವರನ್ನೆಲ್ಲ ಅಲ್ಲಿಗಿಳಿಸಿ ಹೊಗಳಿಸಿಕೊಳ್ಳುತ್ತಿದ್ದ. ಹಲಗೆಯ ಹಿಂದೆ ಚಳಿ ತಡೆಯುವ ಪದರವನ್ನೇ ಹಾಕಿರಲಿಲ್ಲ. ಹೆಂಡತಿ ಡಾರಿಯಾಳ ತಾಯಿ ಪರಾಸ್ಕಾ ಇರಲು ಬಂದಾಗ ಆಕೆಗೆ ಅದೇ ಕೋಣೆ ಕೊಟ್ಟ.

"ಗೋಡೆ ಮಂಜುಗಡ್ಡೆ ಥರ ಇದೆಯಪ್ಪ, ಏನಾದ್ರೂ ಮಾಡ್ಸು," ಎಂದಳು ಮುದುಕಿ.

"ವಯಸ್ಸಾಯ್ತಲ್ಲ ಅತ್ತೆ, ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ. ಪದರ ಹಾಕ್ಸೋಕೆ ನನ್ನ ಹಲಗೆ ಕೀಳ್ಬೇಕಾಗತ್ತೆ."

ಜನವರಿಯ ಒಂದು ಬೆಳಿಗ್ಗೆ ಆಕೆಯ ಕಂಬಳಿ ಹೆಪ್ಪುಗಟ್ಟಿ ಗೋಡೆಗೆ ಅಂಟಿಕೊಂಡಿತ್ತು. ಮಗಳು ಡಾರಿಯಾ ಹಾರೆ ತಂದು ಒಂದು ಹಲಗೆ ಮೀಟಿದಳು. ಅದರ ಹಿಂದೆಲ್ಲ ಹಿಮ, ಬುಡದಲ್ಲಿ ಕರಿ ಬೂಷ್ಟು. ಲೋರ್ನ್ ಗೋಳಾಡಿದ್ದು ಹಲಗೆ ಸೀಳಿಹೋಯಿತೆಂದು.

"ಅಷ್ಟು ಪ್ರೀತಿ ಇದ್ರೆ ನೀನೇ ಇಲ್ಲಿ ಮಲ್ಕೋ. ಅಮ್ಮ ಮೇಲೆ ನನ್ನ ಜೊತೆ ಇರ್ತಾಳೆ," ಎಂದಳು ಡಾರಿಯಾ.

ಕೆಲವೇ ದಿನಗಳಲ್ಲಿ ಅವನು ಮೂಗು ಸೋರಿಸಿಕೊಂಡು ಹಲಗೆಯನ್ನೆಲ್ಲ ಕಿತ್ತು, ಗೋಡೆಗೆ ದಪ್ಪ ಪದರ ಹಾಕಿಸಿದ. "ಮಾಡಿಸ್ಬೇಕು ಅಂತ ಮೊದ್ಲಿಂದ್ಲೂ ನನ್ನ ತಲೇಲಿತ್ತು," ಎಂದು ನಾಚಿಕೆಯಿಲ್ಲದೆ ನಮಗೆ ಹೇಳಿದ. ಕೋಣೆ ಈಗ ಬೆಚ್ಚಗಿದೆ. ಪರಾಸ್ಕಾ ಮಾತ್ರ ಮೇಲಿನ ಹಾಸಿಗೆ ಬಿಡಲಿಲ್ಲ. ಅಳಿಯ ಇಂದಿಗೂ ಕೆಳಗೇ ಮಲಗುತ್ತಾನೆ.